ಹನ್ನಳಿಗೆ ಅಳತೆ ಕೊಟ್ಟವರಾರು

ಈಗ ನಾನು ಕೆಮ್ಮಿದರೆ ಮನೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಇದಕ್ಕಿಂತ ದೊಡ್ಡ ಸುಖ ಇನ್ನೊಂದಿದೆ ಎಂದು ನನಗೆ ಅನ್ನಿಸುವುದಿಲ್ಲ. ಒಂದು ಕಾಲದಲ್ಲಿ ನಾನು ಕೆಮ್ಮಿದರೆ ಪಕ್ಕದ ಮನೆಯ ಕಿಟಕಿ ಮುಚ್ಚಿಕೊಳ್ಳುತ್ತಿತ್ತು. ಇವತ್ತು ಅದೇ ಕಾಯಿಲೆ ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಹೆಣ್ಣುಮಕ್ಕಳನ್ನು ಕಂಡಾಗ, ಅದರಲ್ಲೂ ಕಂಕುಳಲ್ಲಿ ಕೂಸಿರುವವರನ್ನು ಕಂಡಾಗ, ಹೋಗಿ ಪಕ್ಕದಲ್ಲಿ ಕೂರಬೇಕು ಅನ್ನಿಸುತ್ತದೆ. ಎಲ್ಲರ ಪಕ್ಕದಲ್ಲೂ ಕೂರಲು ಆಗುತ್ತದೆಯೇ? ಅದಕ್ಕೇ ಬರೆಯುತ್ತಿದ್ದೇನೆ.

ಐವತ್ತರ ದಶಕದ ಕೊನೆಯ ಮಾತು. ನಾವು ನಿಟ್ಟುವಳ್ಳಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಆಗ ಅದು ಇನ್ನೂ ಹಳ್ಳಿ. ದಾವಣಗೆರೆ ಅಂದರೆ ಹೊಲ ದಾಟಿ ಹೋಗುವ ಊರು. ನಮ್ಮವರು ಹತ್ತಿ ಗಿರಣಿಯಲ್ಲಿ ಮಗ್ಗದ ಖಾತೆಯಲ್ಲಿದ್ದರು. ನಾನು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಕಲಿಸುತ್ತಿದ್ದೆ. ಅತ್ತೆ ಹರಿಹರದಲ್ಲಿ, ಚರ್ಚಿನ ಹಿಂದಿನ ಓಣಿಯಲ್ಲಿ, ಎರಡು ಎಮ್ಮೆ ಕಟ್ಟಿಕೊಂಡು ಹಾಲು ಮಾರುತ್ತಿದ್ದರು. ಮಗನ ಮನೆಗೆ ಬಂದರೆ ಎಮ್ಮೆಗಳು ಊಟ ಬಿಡುತ್ತವೆ ಎಂದು ಅವರು ಒಂದು ರಾತ್ರಿಯೂ ನಮ್ಮಲ್ಲಿ ನಿಲ್ಲುತ್ತಿರಲಿಲ್ಲ.

ಮದುವೆಯಾಗಿ ಬಹಳ ವರ್ಷ ನನಗೆ ಮಕ್ಕಳಾಗಲಿಲ್ಲ. ನಮ್ಮ ಚರ್ಚಿನ ಸಭೆಯ ಹೆಂಗಸರು ಇಂಥವರಿಗೆ ಕೊಡುವ ಮದ್ದು ಒಂದೇ, ಹನ್ನಳ ಕಥೆ. ಸತ್ಯವೇದದ, ಅಂದರೆ ಬೈಬಲಿನ, ಹನ್ನಳೂ ಮಕ್ಕಳಿಲ್ಲದವಳು. ಶೀಲೋ ಎಂಬ ಊರಿನ ದೇವಾಲಯಕ್ಕೆ ಹೋಗಿ, ತುಟಿ ಮಾತ್ರ ಅಲ್ಲಾಡಿಸುತ್ತ, ಅತ್ತು ಅತ್ತು ಒಂದು ಮಗು ಕೇಳಿದಳು. ಕೊಟ್ಟರೆ ನಿನಗೇ ಒಪ್ಪಿಸುತ್ತೇನೆ ಎಂದು ಹರಕೆ ಹೊತ್ತಳು. ಸಮುವೇಲ ಹುಟ್ಟಿದ. ಮೊಲೆ ಬಿಡಿಸಿದ ಮೇಲೆ ಅವನನ್ನು ಕರೆದುಕೊಂಡು ಹೋಗಿ ಅಲ್ಲಿಯ ಮುದಿ ಯಾಜಕನ ಕೈಗೆ ಕೊಟ್ಟು ಬಂದಳು. ಆಮೇಲೆ ವರ್ಷ ವರ್ಷವೂ ಒಂದು ಪುಟ್ಟ ಅಂಗಿ ಹೊಲಿದುಕೊಂಡು ಹೋಗಿ ಮಗನಿಗೆ ಕೊಡುತ್ತಿದ್ದಳು. ನನಗೂ ಕೊನೆಗೆ ಗಂಡುಮಗು ಹುಟ್ಟಿದಾಗ ಹೆಸರು ಹುಡುಕುವ ಕೆಲಸವೇ ಬೀಳಲಿಲ್ಲ. ಕೇಳಿ ಪಡೆದ ಗಂಡುಮಕ್ಕಳಿಗೆ ನಮ್ಮಲ್ಲಿ ಅದೊಂದೇ ಹೆಸರು. ಹರಿಹರದ ಚರ್ಚಿನಲ್ಲಿ ‘ಸಮುವೇಲಾ’ ಎಂದು ಕೂಗಿದರೆ ನಾಲ್ಕು ತಲೆ ತಿರುಗುತ್ತಿದ್ದವು. ನಮ್ಮವನನ್ನು ಸಮಿ ಎಂದು ಕರೆದೆವು.

ಸಮಿಗೆ ವರ್ಷ ತುಂಬುವ ಹೊತ್ತಿಗೆ ನನಗೆ ಸಂಜೆ ಸಂಜೆ ಸಣ್ಣ ಜ್ವರ ಶುರುವಾಯಿತು. ಬಾಣಂತನದ ನಿಶ್ಶಕ್ತಿ ಎಂದರು. ಕೆಮ್ಮು ಬಂತು, ಗಿರಣಿಯ ಹತ್ತಿ ಧೂಳು ಗಂಡನ ಬಟ್ಟೆಯಲ್ಲಿ ಮನೆಗೆ ಬರುತ್ತದೆ, ಅದಕ್ಕೇ ಎಂದರು. ಒಂದು ಬೆಳಿಗ್ಗೆ ಕರವಸ್ತ್ರದಲ್ಲಿ ಕೆಂಪು ಕಂಡ ಮೇಲೆ ಯಾರೂ ಏನೂ ಅನ್ನಲಿಲ್ಲ.

ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಸಿ ಬೆಂಚಿನ ಮೇಲೆ ಕಾದೆವು. ಹರಿಹರದಿಂದ ಅತ್ತೆಯೂ ಬಂದಿದ್ದರು. ಕಾಯುವಾಗ ಸಮಿ ನನ್ನ ಮಡಿಲಲ್ಲೇ ಇದ್ದ, ನನ್ನ ಬಳೆ ಹಿಡಿದು ಕಚ್ಚುತ್ತಿದ್ದ. ಒಳಗೆ ಕರೆದಾಗ ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನ ಮುಖ ನೋಡಲಿಲ್ಲ, ಮಡಿಲಲ್ಲಿದ್ದ ಮಗುವನ್ನು ನೋಡಿದರು. ಅಷ್ಟಕ್ಕೇ ನನಗೆ ಅರ್ಥವಾಯಿತು.

“ಕೂಸಿಗೆ ಇನ್ನೂ ಎದೆಹಾಲು ಕೊಡ್ತೀರೇನ್ರಿ?”

“ಹೂನ್ರಿ.”

“ಇವತ್ತಿಗೆ ಸಾಕು. ಇನ್ನ ಕೂಸನ್ನ ಹತ್ತಿರ ಇಟ್ಕಬ್ಯಾಡ್ರಿ.”

ಅತ್ತೆ ಬಗ್ಗಿ ನನ್ನ ಮಡಿಲಿನಿಂದ ಸಮಿಯನ್ನು ಎತ್ತಿಕೊಂಡರು. ಅವನ ಬಾಯಿಂದ ನನ್ನ ಬಳೆ ಬಿಡಿಸಲು ಸ್ವಲ್ಪ ಹೊತ್ತು ಹಿಡಿಯಿತು. ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತರು. ನಾನು ಹಿಂದೆಯೇ ಹೋದೆ.

“ಅತ್ತೆ, ಒಂದ್ಸಲ ಕೊಡ್ರಿ. ಮುದ್ದು ಕೊಟ್ಟು ಕೊಡ್ತೀನಿ.”

“ಬ್ಯಾಡವ್ವ,” ಎಂದರು ಅತ್ತೆ. ಕಣ್ಣಲ್ಲಿ ನೀರಿತ್ತು, ಆದರೆ ಕೈ ಸಡಿಲಿಸಲಿಲ್ಲ. ಆ ಕೈಯನ್ನು ನಾನು ಬಹಳ ಕಾಲ ದ್ವೇಷಿಸಿದೆ.

ಊರ ಹೊರಗೆ, ಆವರಗೆರೆ ಕಡೆಯ ಹೊಲಗಳು ಕಾಣುವಂತೆ, ಕ್ಷಯದವರಿಗೆಂದೇ ತಂತಿಜಾಲರಿಯ ಉದ್ದನೆಯ ವಾರ್ಡು. ದಿನಾ ಸೂಜಿ, ನುಂಗಲಾಗದಷ್ಟು ದೊಡ್ಡ ಮಾತ್ರೆ, ಉಗುಳಲು ಮುಚ್ಚಳವಿದ್ದ ತಗಡಿನ ಡಬ್ಬಿ. ಅದನ್ನೆಲ್ಲ ಹೇಳಿ ನಿಮ್ಮನ್ನು ಹೆದರಿಸುವುದಿಲ್ಲ; ಅದಕ್ಕೆ ದೇಹ ಒಗ್ಗಿಕೊಳ್ಳುತ್ತದೆ. ಒಗ್ಗಿಕೊಳ್ಳದೇ ಇದ್ದದ್ದು ಎದೆ. ಮಗು ಹರಿಹರದಲ್ಲಿ ಅಜ್ಜಿಯ ಎಮ್ಮೆಯ ಹಾಲು ಕುಡಿಯುತ್ತಿತ್ತು, ನನ್ನ ಹಾಲು ಇಲ್ಲಿ ಕಲ್ಲಾಗಿ ಕಟ್ಟಿಕೊಂಡಿತ್ತು. ರವಿಕೆ ಒದ್ದೆಯಾಗಿ, ನಾಚಿಕೆಯಿಂದ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ.

ಪಕ್ಕದ ಮಂಚದಲ್ಲಿ ಗೌರಮ್ಮ ಎನ್ನುವವರಿದ್ದರು. ಮಲೆಬೆನ್ನೂರಿನ ಅಕ್ಕಿ ವ್ಯಾಪಾರದವರ ಮನೆಯವರು, ಕೊರಳಲ್ಲಿ ಲಿಂಗ, ಬೆಳಗಾದರೆ ಅಂಗೈಯಲ್ಲಿಟ್ಟುಕೊಂಡು ಪೂಜೆ. ನನಗಿಂತ ಬಹಳ ದೊಡ್ಡವರು. ಮೊದಲ ದಿನ ಕ್ರಿಸ್ತರವಳೆಂದು ಸ್ವಲ್ಪ ದೂರವೇ ಇದ್ದರು. ಆಮೇಲೆ ನನ್ನ ರವಿಕೆ ಕಂಡರು.

“ಹಾಲು ಕಟ್ಟೈತೇನವ್ವ?”

ನನಗೆ ಅಳು ಬಂತು. ಅವರು ಹೊರಗೆ ನಿಂತಿದ್ದ ನಮ್ಮವರನ್ನು ಜಾಲರಿಯಿಂದಲೇ ಕೂಗಿ, “ಏನಪಾ, ಮಲ್ಲಿಗೆ ತಗಂಬಾ ಹೋಗು. ಮೊಗ್ಗು ಬ್ಯಾಡ, ಅರಳಿದ್ದು, ಒಂದು ಬುಟ್ಟಿ,” ಎಂದರು. ಎದೆಗೆ ಮಲ್ಲಿಗೆ ಕಟ್ಟಿದರೆ ಹಾಲು ಇಂಗುತ್ತದೆ ಎನ್ನುವುದು ಹಳಬರ ವೈದ್ಯ. ಗೌರಮ್ಮನೇ ಹಳೆಯ ಸೀರೆ ಹರಿದು ಹೂವಿಟ್ಟು ಬಿಗಿದರು. ವಾರ್ಡಿನ ಫಿನಾಯಿಲಿನ ನಡುವೆ ನನ್ನಿಂದ ಮದುವೆ ಮನೆಯ ವಾಸನೆ ಬರುತ್ತಿತ್ತು. ಹಾಲು ಇಂಗಿತು. ಇವತ್ತಿಗೂ ನಾನು ಮಲ್ಲಿಗೆ ಮುಡಿಯುವುದಿಲ್ಲ. ಕ್ರಿಸ್ತರವಳಲ್ಲವೇ, ಅದಕ್ಕೇ ಮುಡಿಯುವುದಿಲ್ಲ ಎಂದು ಜನ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ನಮ್ಮ ಸಭೆಯ ಪಾದ್ರಿ ಅಯ್ಯನವರು ಆಗಾಗ ಬಂದು ಬಾಗಿಲ ಹೊರಗೆ ನಿಂತು ಪ್ರಾರ್ಥನೆ ಮಾಡಿ ಹೋಗುತ್ತಿದ್ದರು. ಒಳ್ಳೆಯ ಮನುಷ್ಯ. ಒಂದು ದಿನ, “ಹನ್ನಳನ್ನ ನೆನಸಿಕೊಳ್ಳಮ್ಮಾ. ಆಕೆ ಸಂತೋಷದಿಂದ ಮಗನನ್ನ ಕೊಟ್ಟಳು. ಕೊಟ್ಟು ಹಾಡಿದಳು,” ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. “ಕೊಟ್ಟೋರು ಹಾಡ್ತಾರೆ ಅಯ್ಯನೋರೇ. ಕಸಗಂಡ್ರೆ ಯಾರು ಹಾಡ್ತಾರ್ರಿ?” ಎಂದುಬಿಟ್ಟೆ. ಅವರು ಕೊಡೆ ಬಿಚ್ಚಿಕೊಂಡು ಹೋದರು. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ.

ಅವರು ಹೋದ ಮೇಲೆ ಗೌರಮ್ಮ, “ಯಾರವ್ವ ಆ ಹನ್ನ?” ಎಂದರು. ನಾನು ಕಥೆ ಹೇಳಿದೆ. ಅವರು ಮಲಗಿಕೊಂಡೇ ಕೇಳಿದರು, ಅಂಗಿಯ ಮಾತು ಬಂದಾಗ ಎದ್ದು ಕೂತರು.

“ಅಲ್ಲವ್ವ, ವರ್ಷಕ್ಕೊಂದು ಸಲ ನೋಡಾಕಿ. ಅಂಗಿ ಮನಿಯಾಗೇ ಹೊಲಕಂಡು ಹೋಗ್ತಿದ್ಳು ಅಂತೀ. ಹುಡುಗನ ಅಳತಿ ಹೆಂಗೆ ಗೊತ್ತಾತು? ಯಾರು ಕೊಟ್ರು ಆಕಿಗೆ ಅಳತಿ?”

ನಾನು ಹೊಲಿಗೆಯನ್ನೂ ಕಲಿಸಿದವಳು, ಹನ್ನಳ ಕಥೆಯನ್ನೂ ಭಾನುವಾರದ ಮಕ್ಕಳಿಗೆ ಕಲಿಸಿದವಳು. ಎರಡನ್ನೂ ಸೇರಿಸಿ ಯೋಚಿಸಿರಲೇ ಇಲ್ಲ. ನಿಜವಲ್ಲವೇ? ಒಂದು ವರ್ಷದಲ್ಲಿ ಮಗು ಎಷ್ಟು ಬೆಳೆಯುತ್ತದೆ? ಶೀಲೋ ಊರಿಗೆ ಹೋಗಿ ಬಂದವರನ್ನೆಲ್ಲ ನಿಲ್ಲಿಸಿ, ಎಷ್ಟೆತ್ತರ ಆಗಿದ್ದಾನೆ, ಎಲ್ಲಿಗೆ ಬರುತ್ತಾನೆ ನಿಮ್ಮ ಸೊಂಟಕ್ಕೋ ಎದೆಗೋ ಎಂದು ಕೇಳಿರಬೇಕು. ದಾರಿಯಲ್ಲಿ ಸಿಕ್ಕ ಪರರ ಮಕ್ಕಳ ಹೆಗಲಿಗೆ ಕಣ್ಣಲ್ಲೇ ಗೇಣು ಹಾಕಿರಬೇಕು. ಕೊನೆಗೆ ಕತ್ತರಿ ಹಿಡಿದಾಗ ಅದೆಲ್ಲ ಅಂದಾಜೇ. ಅವಳ ಹಾಡನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಮಾತ್ರ ಅವತ್ತಿನಿಂದ ಹನ್ನ ಎಂದರೆ ಬಟ್ಟೆಯ ಮುಂದೆ ಕತ್ತರಿ ಹಿಡಿದು ತಡೆದು ಕೂತವಳು. ಕಾಣದ ಮೈಗೆ ಬಟ್ಟೆ ಕತ್ತರಿಸುವುದು ನಂಬಿಕೆಯಲ್ಲದೆ ಮತ್ತೇನು?

ಮರುವಾರ ನಮ್ಮವರಿಗೆ ಹೇಳಿ ಗಿರಣಿಯ ತುಂಡು ಕೋರಾ ಬಟ್ಟೆ ತರಿಸಿಕೊಂಡೆ. ಕೋರಾ ಎಂದರೆ ಮಗ್ಗದಿಂದ ಇಳಿದ ಹಾಗೇ ಇರುವ, ನೀರು ಕಾಣದ ಬಟ್ಟೆ. ನೆನೆಸಿ ಒಣಗಿಸದೆ ಕತ್ತರಿಸಿದರೆ ಕುಗ್ಗುತ್ತದೆ; ಇದು ನಾನೇ ಹುಡುಗಿಯರಿಗೆ ಮೊದಲ ದಿನ ಹೇಳುವ ಪಾಠ. ವಾರ್ಡಿನಲ್ಲಿ ನೆನೆಸುವ ಅನುಕೂಲ ಎಲ್ಲಿ? “ನೀರಿಗೆ ಹಾಕೇ ತಂದೀನಿ,” ಎಂದರು ನಮ್ಮವರು. ಸಿಸ್ಟರು ಸೂಜಿ ದಾರಕ್ಕೆ ಒಪ್ಪಿದರು. ನಾನು ಕೈಹೊಲಿಗೆಯಲ್ಲೇ ಒಂದು ಅಂಗಿ ಮಾಡಿದೆ. ಗುಂಡಿಯ ಕಾಜ ಮಾಡುವಾಗ ಕೆಮ್ಮು ಬಂದರೆ ನಿಲ್ಲಿಸಿ, ಬಟ್ಟೆಯನ್ನು ದೂರ ಹಿಡಿದು, ಆಮೇಲೆ ಮತ್ತೆ.

ನಮ್ಮವರು ರಜೆಯ ದಿನ ರೈಲಿನಲ್ಲಿ ಹರಿಹರಕ್ಕೆ ಹೋಗಿ ಬಂದು ಜಾಲರಿಯ ಆಚೆ ನಿಲ್ಲುತ್ತಿದ್ದರು. ಅಂಗಿ ಕೊಟ್ಟು ಬಂದ ದಿನ ನಾನು ಮೊದಲು ಕೇಳಿದ್ದೇ, “ಅಂಗಿ ಸರಿ ಹೋತಾ?”

“ಬಿಗಿ ಆತು,” ಎಂದರು. “ಎದಿ ಹತ್ರ ಬಿಗಿ. ಇನ್ನ ನಾಕು ಬೆಳ್ಳು ಅಗಲ ಇಡು.”

ನನಗೆ ಆದ ಸಂತೋಷ ಹೇಳಲಾರೆ. ನಾಲ್ಕು ಬೆರಳು ಬೆಳೆದಿದ್ದಾನೆ! ಮುಂದಿನ ಅಂಗಿಗೆ ನಾಲ್ಕರ ಜೊತೆ ಇನ್ನೆರಡು ಸೇರಿಸಿದೆ. ಅದೂ ಬಿಗಿ. ಮತ್ತೊಂದು. ಅದೂ ತೋಳಿನಲ್ಲಿ ಗಿಡ್ಡ. ಗೌರಮ್ಮ, “ನಿನ್ನ ಮಗ ಭೀಮಸೇನ ಆಗ್ತಾನೆ ನೋಡವ್ವ. ಅಜ್ಜಿ ಎಮ್ಮಿ ಹಾಲಿನಾಗ ಏನೋ ಐತೆ,” ಎಂದು ನಗುತ್ತಿದ್ದರು. ಫೋಟೋ ಒಂದಿದ್ದರೆ ಇಷ್ಟು ಅಂದಾಜು ಬೇಕಿರಲಿಲ್ಲ. ಆದರೆ ಎಳೆಮಗುವಿನ ಫೋಟೋ ತೆಗೆಸಿದರೆ ದೃಷ್ಟಿಯಾಗುತ್ತದೆ ಎಂದು ಅತ್ತೆ ಬಿಡಲಿಲ್ಲ. ಸಭೆಗೆ ಸೇರಿ ಮೂರು ತಲೆಮಾರಾದರೂ ದೃಷ್ಟಿ ನಮ್ಮನ್ನು ಬಿಟ್ಟಿರಲಿಲ್ಲ. ದೂರದಿಂದಲಾದರೂ ತೋರಿಸಿ ಎಂದರೆ, “ಆ ಗಾಳಿಗೆ ಕೂಸನ್ನ ತರಲ್ಲ,” ಎಂದು ಹೇಳಿ ಕಳಿಸುತ್ತಿದ್ದರು.

ಸಂಜೆ ಹರಿಹರದ ಕಡೆ ಹೋಗುವ ರೈಲಿನ ಕೂಗು ವಾರ್ಡಿಗೆ ಕೇಳುತ್ತಿತ್ತು. ಅಷ್ಟೇ ದೂರ. ಎತ್ತಿನ ಗಾಡಿಯವರು ಬೆಳಿಗ್ಗೆ ಹೋಗಿ ಸಂಜೆ ಬರುವ ಊರು. ನಾನು ಕಣ್ಣುಮುಚ್ಚಿ, ಅಂಗಿಯ ಅಳತೆಗೆ ಸರಿಯಾಗಿ ಒಬ್ಬ ಹುಡುಗನನ್ನು ನಿಲ್ಲಿಸಿಕೊಳ್ಳುತ್ತಿದ್ದೆ. ದಪ್ಪ ತೋಳು, ಅಗಲ ಎದೆ. ಮುಖ ಮಾತ್ರ ಬಳೆ ಕಚ್ಚುತ್ತಿದ್ದ ಕೂಸಿನದೇ. ಆ ಮುಖವನ್ನು ಈ ಮೈಗೆ ಹೊಂದಿಸಲು ಆಗುತ್ತಿರಲಿಲ್ಲ. ಆಗ ಅಳು ಬರುತ್ತಿತ್ತು.

ಸಾವಿನ ಭಯ ಇರಲಿಲ್ಲವೇ ಎಂದರೆ ಇತ್ತು. ಬಾಗಿಲ ಹತ್ತಿರದ ಮಂಚದ ಹುಡುಗಿ ಒಂದು ಮಳೆಗಾಲ ದಾಟಲಿಲ್ಲ. ಆದರೆ ಅದಕ್ಕಿಂತ ದೊಡ್ಡ ಭಯ ಬೇರೆ. ಸತ್ಯವೇದದಲ್ಲಿ ಇನ್ನೊಂದು ಕೂಸಿದೆ, ರೂತಳು ಹೆತ್ತದ್ದು. ಅದನ್ನು ಅವಳ ಅತ್ತೆ ನೊವೊಮಿ ಮಡಿಲಿಗೆ ಹಾಕಿಕೊಂಡು ಸಾಕಿದಳು. ನೆರೆಯ ಹೆಂಗಸರು ನೊವೊಮಿಗೇ ಮಗ ಹುಟ್ಟಿದ ಎಂದರು. ಹೆತ್ತವಳು ಆಗ ಏನೆಂದಳು ಎಂದು ಒಂದು ಮಾತೂ ಇಲ್ಲ. ನಾನು ಬದುಕಿ ಮನೆಗೆ ಹೋದರೂ ಸಮಿ ನನ್ನ ಅತ್ತೆಯನ್ನೇ ಅವ್ವ ಎನ್ನುತ್ತಾನೆ, ನಾನು ಆ ರೂತಳ ಹಾಗೆ ಮಾತಿಲ್ಲದೆ ನಿಂತಿರುತ್ತೇನೆ. ಇದೊಂದನ್ನೇ ನೆನೆದು ನೆನೆದು ಊಟ ಸೇರುತ್ತಿರಲಿಲ್ಲ. ಗೌರಮ್ಮ ಬೈದು ತಿನ್ನಿಸುತ್ತಿದ್ದರು. “ಮಗ ನಿನ್ನ ಅವ್ವ ಅನ್ಬೇಕಂದ್ರ ಮೊದ್ಲು ನೀನು ಇರ್ಬೇಕಲ್ಲವ್ವ. ಉಣ್ಣು,” ಎಂದು. ಅವರು ನನಗಿಂತ ಮೊದಲು ವಾಸಿಯಾಗಿ ಊರಿಗೆ ಹೋದರು. ಹೋಗುವಾಗ ನನ್ನ ಕೈಹಿಡಿದು, ನಿಮ್ಮ ದೇವರು ನಮ್ಮ ದೇವರು ಎಲ್ಲ ಸೇರಿ ನಿನ್ನ ಮನೆಗೆ ಕಳಿಸಲಿ ಎಂದರು.

ಕಳಿಸಿದರು. ಎರಡು ವರ್ಷ ಮೇಲಾಗಿತ್ತು. ಕಫದಲ್ಲಿ ಏನೂ ಇಲ್ಲ, ಮಗುವನ್ನು ಧಾರಾಳವಾಗಿ ಎತ್ತಿಕೊಳ್ಳಿ ಎಂದರು ಡಾಕ್ಟರು. ನಾನು ಹೊಸ ಅಂಗಿಯೊಂದನ್ನು, ಈ ಸಲ ಬಿಳಿಯ ಒಳ್ಳೆ ಬಟ್ಟೆಯಲ್ಲಿ, ಮೊದಲೇ ಹೊಲಿದಿಟ್ಟಿದ್ದೆ. ನಮ್ಮವರು ಬಸ್ಸಿನಲ್ಲಿ ಹರಿಹರಕ್ಕೆ ಕರೆದುಕೊಂಡು ಹೋದರು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅವರ ಸೀರೆಯ ನೆರಿಗೆ ಹಿಡಿದು ಒಂದು ಸಣ್ಣ ಹುಡುಗ. ಸಣ್ಣವನು! ಮೂರು ವರ್ಷದ ಮಗು ಎಷ್ಟಿರಬೇಕೋ ಅಷ್ಟೇ ಇದ್ದ. ನಾನು ಅವನ ಹಿಂದೆ ಇನ್ನೊಬ್ಬ ಹುಡುಗ ಇದ್ದಾನೇನೋ ಎಂದು ಇಣುಕಿದೆ, ನಗಬೇಡಿ. ಅಂಗಿ ಹಾಕಿ ನೋಡಿದರೆ ತೋಳು ಕೈ ದಾಟಿ ಜೋತುಬಿತ್ತು, ಅಂಚು ಪಾದ ಮುಟ್ಟಿತು.

“ಎಲ್ಲ ಅಂಗಿ ಬಿಗಿ ಆದ್ವು ಅಂದ್ರಲ್ಲ ಅತ್ತೆ?”

“ಕುದಿಸಿದ್ರ ಬಿಗಿ ಆಗಲ್ಲೇನು? ವಾರ್ಡಿನಿಂದ ಬಂದಿದ್ದೆಲ್ಲ ಕುದಿಸ್ರಿ ಅಂದಿದ್ರು ಡಾಕ್ಟ್ರು. ಸೋಡಾ ಹಾಕಿ ಹಂಡೆಯಾಗ ಕುದಿಸ್ತಿದ್ದೆ.”

ನಾನು ನಮ್ಮವರ ಕಡೆ ತಿರುಗಿದೆ. ಅವರು ಚಪ್ಪಲಿ ನೋಡುತ್ತಿದ್ದರು. “ನೀನು ಹೊಲಿದಿದ್ದನ್ನ ಕುದಿಸ್ತಾರ ಅಂತ ಹೆಂಗೆ ಹೇಳ್ಲಿ ನಿಂಗೆ,” ಎಂದರು. ನೀರಿಗೆ ಹಾಕಿ ತಂದೆ ಎಂದದ್ದೂ ಬರೀ ಚಿಮುಕಿಸಿ ತಂದದ್ದಂತೆ. ಇಷ್ಟು ದಿನ ನಾನು ಬೆಳೆಸಿದ್ದು ಸಮಿಯನ್ನಲ್ಲ, ಕುಗ್ಗಿದ ಬಟ್ಟೆಯನ್ನು. ನಗು ಬಂತು, ನಗುತ್ತಲೇ ಅತ್ತುಬಿಟ್ಟೆ.

ಹುಡುಗ ಇದನ್ನೆಲ್ಲ ನೋಡಿ ಅಜ್ಜಿಯ ಹಿಂದೆ ಸರಿದ. “ಯಾರಜ್ಜಿ ಇವ್ರು?”

“ನಿಮ್ಮವ್ವ ಕಣೋ.”

“ಅಲ್ಲ. ನಮ್ಮವ್ವ ದಾವಣಗೇರ್ಯಾಗ ಅದಾಳ.”

ಅವನು ‘ಅಜ್ಜಿ’ ಎಂದಿದ್ದು ನನಗೆ ಆಮೇಲೆ ಹೊಳೆಯಿತು. ಮೊದಮೊದಲು ಅತ್ತೆಯನ್ನೇ ಅವ್ವ ಎನ್ನುತ್ತಿದ್ದನಂತೆ. ಒಂದು ಸಲವೂ ಅವರು ಓಗೊಟ್ಟಿರಲಿಲ್ಲ. ‘ನಾನು ಅಜ್ಜಿ. ನಿಮ್ಮವ್ವ ದಾವಣಗೇರ್ಯಾಗ ಅದಾಳ, ರೈಲಾಗ ಬರ್ತಾಳ’ ಎಂದು ತಿದ್ದಿ ತಿದ್ದಿ ಕಲಿಸಿದ್ದರು. ಹಾಲು ಕೊಟ್ಟು ಬರುವಾಗ ಸಂಜೆ ಅವನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ದಾವಣಗೆರೆಯ ರೈಲು ತೋರಿಸುತ್ತಿದ್ದರು. ಅದು ಹೋದ ಮೇಲೆ, ಇವತ್ತು ಬರಲಿಲ್ಲ, ನಾಳೆ ನೋಡೋಣ ಎಂದು ವಾಪಸ್ಸು. ನನ್ನ ಭಯದ ನೊವೊಮಿ ಎರಡು ವರ್ಷ ಹೀಗೆ ನನ್ನ ಜಾಗ ಕಾದಿದ್ದರು. ನಾನು ದ್ವೇಷಿಸಿದ ಆ ಕೈಯನ್ನು ಹಿಡಿದುಕೊಂಡೆ. “ಆತು ಬಿಡು, ಎಮ್ಮಿ ಕರೀಬೇಕು,” ಎಂದು ಬಿಡಿಸಿಕೊಂಡರು.

ಆದರೆ ಸಮಿ ತನ್ನ ಮಾತು ಬಿಡಲಿಲ್ಲ. ಅವನು ಹೊಂದಿಕೊಳ್ಳಲಿ ಎಂದು ನಾನು ಹರಿಹರದಲ್ಲೇ ಉಳಿದೆ. ನಾನು ಊಟ ಕೊಟ್ಟರೆ ಉಣ್ಣುತ್ತಿದ್ದ, ಸ್ನಾನ ಮಾಡಿಸಿಕೊಳ್ಳುತ್ತಿದ್ದ, ‘ಇವ್ರು’ ಎನ್ನುತ್ತಿದ್ದ. ಸಂಜೆಯಾದರೆ, “ಅಜ್ಜಿ, ಅವ್ವ ಬಂದ್ಲೇನೋ ನೋಡಾನ ಬಾ,” ಎಂದು ಸ್ಟೇಷನ್ನಿಗೆ ಹೊರಡುತ್ತಿದ್ದ. ಮನೆಯಲ್ಲಿ ನಾನು ಕೂತಿರುತ್ತಿದ್ದೆ, ಅವನು ನನ್ನನ್ನು ಹುಡುಕಲು ಹೋಗುತ್ತಿದ್ದ. ದೀಪ ಹಚ್ಚಿದ ಮೇಲೆ ಮನೆಯ ಪ್ರಾರ್ಥನೆ. ಅಜ್ಜಿ ಕಲಿಸಿದ್ದನ್ನು ಕೈಮುಗಿದು ಹೇಳುತ್ತಿದ್ದ: ಯೇಸಪ್ಪಾ, ಅಪ್ಪನ್ನ ಕಾಪಾಡು, ಎಮ್ಮಿ ಕಾಪಾಡು, ನಮ್ಮವ್ವನ್ನ ಮನಿಗೆ ಕಳಿಸು. ನಾನು ಅವನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು ಆಮೆನ್ ಎನ್ನುತ್ತಿದ್ದೆ. ಅವನನ್ನು ನಾನು ಎಷ್ಟು ಅತ್ತು ಕೇಳಿದ್ದೆನೋ ಅಷ್ಟೇ ನಂಬಿಕೆಯಿಂದ ಅವನು ನನ್ನನ್ನು ಕೇಳುತ್ತಿದ್ದ. ವಾರ್ಡಿನಲ್ಲಿದ್ದಾಗ ಕೂಡ ಅವನು ನನಗೆ ಅಷ್ಟು ದೂರ ಇರಲಿಲ್ಲ.

ಹೀಗೇ ಕೆಲವು ವಾರ ಕಳೆದು, ಪರೀಕ್ಷೆಗೆಂದು ನಾನು ದಾವಣಗೆರೆಗೆ ಹೋಗಬೇಕಾಯಿತು. ಎಲ್ಲ ಸರಿಯಿದೆ ಎಂದರು. ನಮ್ಮವರು ಬಸ್ ಸ್ಟ್ಯಾಂಡಿನ ಕಡೆ ತಿರುಗಿದರು. ನಾನು ನಿಂತೆ.

“ಬಸ್ಸು ಬ್ಯಾಡ್ರಿ. ರೈಲಿಗೆ ಹೋಗಾನ.”

“ಸಂಜೀತನಕ ಕಾಯಬೇಕಲ್ಲ?”

“ಕಾಯಾನ. ಅವ್ನು ಕಾದಿಲ್ಲೇನು?”

ಹರಿಹರ ಸ್ಟೇಷನ್ನಿನಲ್ಲಿ ರೈಲು ನಿಲ್ಲುವಾಗ ಕಿಟಕಿಯಿಂದಲೇ ಕಂಡರು. ಅತ್ತೆಯ ಕೈಯಲ್ಲಿ ಖಾಲಿ ಹಾಲಿನ ತಂಬಿಗೆ. ಸಮಿ ಒಂದೊಂದೇ ಡಬ್ಬಿಯ ಬಾಗಿಲು ನೋಡುತ್ತ ಬರುತ್ತಿದ್ದ. 

ನಾನು ಇಳಿದೆ. ಅವನು ನೋಡಿದ. ಓಡಿ ಬರಲಿಲ್ಲ. ರೈಲನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ರೈಲನ್ನು ನೋಡಿದ. ಆಮೇಲೆ ಅಜ್ಜಿಯ ಕೈ ಬಿಟ್ಟು ನಿಧಾನವಾಗಿ ಬಂದು ನನ್ನ ಸೆರಗಿನ ತುದಿ ಹಿಡಿದುಕೊಂಡ. ಮನೆಯವರೆಗೂ ಬಿಡಲಿಲ್ಲ. ಅತ್ತೆ ಮುಂದೆ ಮುಂದೆ ನಡೆದರು, ಒಮ್ಮೆಯೂ ಹಿಂದೆ ನೋಡಲಿಲ್ಲ.

ಆ ಸಂಜೆ ಪ್ರಾರ್ಥನೆಗೆ ಕೂತಾಗ ಸಮಿ ಅಪ್ಪನ್ನ ಕಾಪಾಡು ಎಂದ, ಎಮ್ಮಿ ಕಾಪಾಡು ಎಂದ, ನಿಲ್ಲಿಸಿದ.

“ಅಜ್ಜಿ, ಇನ್ನ ಅವ್ವನ್ನ ಕೇಳದು ಬ್ಯಾಡ ಅಲ್ಲ?”

“ಬ್ಯಾಡ,” ಎಂದರು ಅತ್ತೆ. “ಕೊಟ್ಟನಲ್ಲ. ಸ್ತೋತ್ರ ಹೇಳು.”

ಅವನು ಸ್ತೋತ್ರ ಹೇಳಿದ. ಆಮೇಲೆ ಒಂದು ಕಣ್ಣು ತೆರೆದು, ನಾನು ಪಕ್ಕದಲ್ಲಿ ಇದ್ದೇನೆಯೋ ಇಲ್ಲವೋ ಎಂದು ನೋಡಿ, ಗಟ್ಟಿಯಾಗಿ ಮುಚ್ಚಿಕೊಂಡ.

“ಯೇಸಪ್ಪಾ, ಮತ್ತ ವಾಪಸ್ ಕರಕಬ್ಯಾಡ.”

ನನಗಿಂತ ಮೊದಲು ಅತ್ತೆಯೇ ಆಮೆನ್ ಅಂದರು.